ನಾಲ್ಕೈದು ತಿಂಗಳ ಗರ್ಭಪಾತ: ರಕ್ತಸ್ರಾವ ತಡೆಯುವ ಮದ್ದುಗಳಲ್ಲಿ ಯಾರಿಗೆ ಯಾವುದು?

ಗರ್ಭಪಾತ ಮುಗಿಯುತ್ತಿದ್ದ ಹಾಗೆ "ಸಿಸ್ಟರ್, ಒಂದು ಮೆಥರ್ಜಿನ್" ಎನ್ನುವುದು ಅನೇಕ ಥಿಯೇಟರ್‌ಗಳಲ್ಲಿ ಬಾಯಿಪಾಠವಾಗಿಬಿಟ್ಟಿದೆ. ಗರ್ಭಕೋಶವನ್ನು ಮುದುಡಿಸಿ ರಕ್ತ ನಿಲ್ಲಿಸುವ ಈ ಇಂಜೆಕ್ಷನ್ ಕೆಟ್ಟ ಮದ್ದಲ್ಲ. ಸರಿಯಾದ ಹೊತ್ತಿಗೆ ಕೊಟ್ಟರೆ ಜೀವ ಉಳಿಸುತ್ತದೆ. ಆದರೆ ಬಿಪಿ ನೋಡದೆ, ಎಷ್ಟು ವಾರ ಎಂದು ಯೋಚಿಸದೆ, ಎಲ್ಲರಿಗೂ ಅದನ್ನೇ ಕೊಡುವುದು ಸರಿಯಲ್ಲ. ನಮ್ಮ ಕೈಯಲ್ಲಿ ಐದಾರು ಮದ್ದುಗಳಿವೆ. ಕೆಲವು ರಕ್ತ ಹೋಗುವ ಮೊದಲೇ ತಡೆಯಲು, ಕೆಲವು ಹೋಗಲು ಶುರುವಾದ ಮೇಲೆ ನಿಲ್ಲಿಸಲು. ಈ ಎರಡನ್ನು ಬೆರೆಸಿಬಿಟ್ಟರೆ ಗೊಂದಲ ಅಲ್ಲಿಂದಲೇ ಶುರು.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹೆಂಗಸರನ್ನು ನೋಡುವ ಕಿರಿಯ ಡಾಕ್ಟರ್‌ಗಳು ಮತ್ತು ಸ್ಟಾಫ್ ನರ್ಸ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯವರೂ ಓದಬಹುದು. ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಹೇಳಿದ್ದು ಅರ್ಧ ಅರ್ಥವಾಗಿ, ಉಳಿದದ್ದಕ್ಕೆ ಸುಮ್ನೆ ತಲೆಯಾಡಿಸಿ ಬರುವವರು ನಮ್ಮಲ್ಲಿ ಬಹಳ ಜನ. ಇಲ್ಲಿ ಕೊಟ್ಟ ಡೋಸ್‌ಗಳು ಆಸ್ಪತ್ರೆಯ ಒಳಗಿನವು. ಮನೆಯಲ್ಲಿ ಪ್ರಯೋಗಿಸಲು ಅಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಗರ್ಭಪಾತದ ಕಿಟ್ ನಮ್ಮ ದೇಶದಲ್ಲಿ 9 ವಾರದವರೆಗೆ ಮಾತ್ರ. ನಾಲ್ಕು ತಿಂಗಳು ದಾಟಿದ ಮೇಲೆ ಅದನ್ನು ಮನೆಯಲ್ಲಿ ನುಂಗಿ ರಕ್ತದ ಮಡುವಿನಲ್ಲಿ ಬರುವುದು ಅತ್ಯಂತ ಅಪಾಯದ ದಾರಿ.

ಇಷ್ಟು ತಡವಾಗಿ ಯಾಕೆ ಬರುತ್ತಾರೆ ಎಂದು ಕೇಳುವವರಿಗೆ ಒಂದು ಮಾತು. ಮಗುವಿನ ಅಂಗಗಳನ್ನು ನೋಡುವ ಸ್ಕ್ಯಾನ್ ಆಗುವುದೇ 18ರಿಂದ 20 ವಾರದಲ್ಲಿ. ಹೃದಯದಲ್ಲೋ ಮೆದುಳಿನಲ್ಲೋ ದೊಡ್ಡ ತೊಂದರೆ ಕಂಡರೆ, ಇನ್ನೊಬ್ಬರ ಹತ್ತಿರ ತೋರಿಸಿ, ಮನೆಯಲ್ಲಿ ಮಾತಾಡಿ, ನಿರ್ಧಾರಕ್ಕೆ ಬರುವಾಗ 21 ವಾರ ಆಗಿರುತ್ತದೆ. ಬೇಡಬೇಡವೆಂದರೂ ಬಂದ ಗರ್ಭ, ಹೇಳಿಕೊಳ್ಳಲಾಗದ ಗರ್ಭ, ಮುಟ್ಟು ಸರಿಯಿಲ್ಲದೆ ಗೊತ್ತೇ ಆಗದ ಗರ್ಭ, ಇವೂ ಇವೆ. ಅವರ ಕಾರಣವನ್ನು ತೂಗುವುದು ನಮ್ಮ ಕೆಲಸವಲ್ಲ. ಅವರು ಬಂದ ಹಾಗೆಯೇ ಕ್ಷೇಮವಾಗಿ ಮನೆಗೆ ಹೋಗುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ರಕ್ತ ಎಲ್ಲಿಂದ ಹೋಗುತ್ತಿದೆ?

ಮದ್ದು ಆರಿಸುವ ಮೊದಲು ಈ ಪ್ರಶ್ನೆ. ಎರಡನೇ ಮೂರು ತಿಂಗಳಲ್ಲಿ, ಅಂದರೆ 13 ವಾರ ದಾಟಿದ ಮೇಲೆ, ಜಾಸ್ತಿ ರಕ್ತ ಹೋಗಲು ಮುಖ್ಯ ಕಾರಣಗಳು ಇವು: ಗರ್ಭಕೋಶ ಸರಿಯಾಗಿ ಮುದುಡದೆ ಮೆತ್ತಗೆ ಉಳಿಯುವುದು, ಗರ್ಭಕೋಶದ ಬಾಯಿ ಹರಿಯುವುದು, ಮಾಸಿನ ತುಂಡು ಒಳಗೆ ಉಳಿಯುವುದು, ಗರ್ಭಕೋಶಕ್ಕೆ ತೂತು ಬೀಳುವುದು, ಹಳೆಯ ಸಿಸೇರಿಯನ್ ಗಾಯಕ್ಕೆ ಮಾಸು ಕಚ್ಚಿಕೊಂಡಿರುವುದು, ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಸಿಯುವುದು. ನಾವು ಕೊಡುವ ಬಹುಪಾಲು ಮದ್ದುಗಳು ಮೊದಲನೆಯದಕ್ಕೆ ಮಾತ್ರ. ಬಾಯಿ ಹರಿದಿದ್ದರೆ, ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್ ಎಷ್ಟು ಹರಿಸಿದರೂ ರಕ್ತ ನಿಲ್ಲದು, ಹೊಲಿಗೆ ಬೇಕು. ತುಂಡು ಉಳಿದಿದ್ದರೆ ಅದನ್ನು ತೆಗೆಯಬೇಕು.

ಆದ್ದರಿಂದ ತಡೆಯುವ ಕೆಲಸ ಇಂಜೆಕ್ಷನ್‌ಗಿಂತ ಒಂದು ದಿನ ಮೊದಲೇ ಶುರುವಾಗುತ್ತದೆ. ಡಿ ಅಂಡ್ ಇ, ಅಂದರೆ ಬಾಯಿ ತೆರೆದು ಉಪಕರಣದಿಂದ ಗರ್ಭ ತೆಗೆಯುವುದು, ಅದನ್ನು ಮಾಡುವುದಾದರೆ ಗರ್ಭಕೋಶದ ಬಾಯಿಯನ್ನು ನಿಧಾನಕ್ಕೆ ಮೆತ್ತಗಾಗಿಸಿ ತೆರೆಯಬೇಕು. ಲ್ಯಾಮಿನೇರಿಯಾ ಅಥವಾ ಡೈಲಪಾನ್ ಕಡ್ಡಿ, ಮಿಫೆಪ್ರಿಸ್ಟೋನ್ ಮಾತ್ರೆ, ಮಿಸೊಪ್ರೊಸ್ಟಾಲ್, ಇವುಗಳಲ್ಲಿ ವಾರಕ್ಕೆ ತಕ್ಕಂತೆ ಒಂದೋ ಎರಡೋ. ಅವಸರದಲ್ಲಿ ಬಲವಂತವಾಗಿ ಬಾಯಿ ತೆರೆದವರ ಕೈಯಲ್ಲಿ ಆಗುವ ಹರಿದ ಗಾಯವನ್ನು ಯಾವ ಮದ್ದೂ ಸರಿಮಾಡದು. ಅರಿವಳಿಕೆಯ ವಿಷಯವೂ ಅಷ್ಟೇ ಮುಖ್ಯ. ಹ್ಯಾಲೋಥೇನ್ ಜಾತಿಯ ಗ್ಯಾಸುಗಳು ಗರ್ಭಕೋಶವನ್ನು ಸಡಿಲಗೊಳಿಸುತ್ತವೆ, ರಕ್ತ ಜಾಸ್ತಿ ಹೋಗುತ್ತದೆ. ಅರಿವಳಿಕೆ ಡಾಕ್ಟರ್ ಜೊತೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ವಾಸೊಪ್ರೆಸಿನ್: ಸಣ್ಣ ಡೋಸ್, ಒಳ್ಳೆಯ ಕೆಲಸ

ಡಿ ಅಂಡ್ ಇಗೆ ಮುಂಚೆ ತಡೆಗಾಗಿ ಒಂದೇ ಮದ್ದು ಆರಿಸಿ ಎಂದರೆ ನಾನು ಇದನ್ನು ಆರಿಸುತ್ತೇನೆ. ಗರ್ಭಕೋಶದ ಬಾಯಿಯ ಸುತ್ತ ನೋವು ತಿಳಿಯದಂತೆ ಕೊಡುವ ಲಿಗ್ನೋಕೇನ್ ಇಂಜೆಕ್ಷನ್‌ಗೆ ಇದನ್ನು ಬೆರೆಸುತ್ತಾರೆ. ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಗರ್ಭಕೋಶವನ್ನೂ ಮುದುಡಿಸುತ್ತದೆ. 1985ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದಕ್ಕೆ ಆಧಾರ. ವಾಸೊಪ್ರೆಸಿನ್ ಸೇರಿಸಿದವರಲ್ಲಿ ರಕ್ತ ಕಡಿಮೆ ಹೋಯಿತು, ವಾರ ಹೆಚ್ಚಾದಷ್ಟೂ ಪ್ರಯೋಜನವೂ ಹೆಚ್ಚಾಗಿ ಕಂಡಿತು. ಇಷ್ಟು ಹಳೆಯ, ಇಷ್ಟು ಸರಳ ಉಪಾಯ ನಮ್ಮಲ್ಲಿ ಯಾಕೆ ಅಷ್ಟಾಗಿ ಬಳಕೆಗೆ ಬಂದಿಲ್ಲ ಎನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ.

ಡೋಸ್ 4ರಿಂದ 6 ಯೂನಿಟ್, ಅದನ್ನು ಸುಮಾರು 20 ಎಂಎಲ್ ಲಿಗ್ನೋಕೇನ್‌ನಲ್ಲಿ ಬೆರೆಸಬೇಕು. ಇಲ್ಲೇ ಸ್ವಲ್ಪ ನಿಧಾನಿಸಿ. ನಮ್ಮಲ್ಲಿ ಸಿಗುವ ಆಂಪೂಲ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 20 ಯೂನಿಟ್ ಇರುತ್ತದೆ. ಅಂದರೆ 4 ಯೂನಿಟ್ ಎಂದರೆ 0.2 ಎಂಎಲ್ ಮಾತ್ರ. ಇದನ್ನು 5 ಎಂಎಲ್ ಸಿರಿಂಜಿನಲ್ಲಿ ಅಂದಾಜಿಗೆ ಎಳೆಯುವ ಹಾಗಿಲ್ಲ, 1 ಎಂಎಲ್ ಸಿರಿಂಜೇ ಬೇಕು. ಇನ್ಸುಲಿನ್ ಸಿರಿಂಜ್ ತೆಗೆದುಕೊಂಡರೆ ಅದರ ಮೇಲಿನ ಯೂನಿಟ್ ಗೆರೆ ಇನ್ಸುಲಿನ್‌ನದು, ವಾಸೊಪ್ರೆಸಿನ್‌ನದಲ್ಲ. 40ರ ಸಿರಿಂಜಿನಲ್ಲಿ 4ನೇ ಗೆರೆಗೆ ಎಳೆದರೆ ಸಿಗುವುದು 0.1 ಎಂಎಲ್, ಅಂದರೆ ಬರೀ 2 ಯೂನಿಟ್. ತಪ್ಪು ಇನ್ನೊಂದು ಕಡೆಗೂ ಆಗಬಹುದು. ಒಬ್ಬರು ಎಳೆದು ಇನ್ನೊಬ್ಬರು ನೋಡಿ, ಬಾಯಿಬಿಟ್ಟು ಹೇಳಿ, ಆಮೇಲೆ ಬೆರೆಸಿ. ಸಿರಿಂಜಿನ ಮೇಲೆ ಲೇಬಲ್ ಅಂಟಿಸಿ. ಚುಚ್ಚುವಾಗ ಪ್ರತಿ ಸಲವೂ ಹಿಂದಕ್ಕೆ ಎಳೆದು ರಕ್ತ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ನೇರ ರಕ್ತನಾಳಕ್ಕೆ ಹೋದರೆ ಬಿಪಿ ಏರಿ, ಹೃದಯದ ಬಡಿತ ಇಳಿದು, ಹೃದಯಕ್ಕೇ ತೊಂದರೆ ಆಗಬಹುದು. ಹೃದಯದ ಕಾಯಿಲೆ ಇರುವವರಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಇದು ಬೇಡ.

ಬರೀ ಮಾತ್ರೆಯಿಂದ ಮಾಡುವ ಗರ್ಭಪಾತಕ್ಕೆ ವಾಸೊಪ್ರೆಸಿನ್‌ನ ಪ್ರಶ್ನೆಯೇ ಬರುವುದಿಲ್ಲ.

ಆಕ್ಸಿಟೋಸಿನ್: ವಾರ ನೋಡಿ ಕೊಡಿ

ಹೆರಿಗೆಯಲ್ಲಿ ಆಕ್ಸಿಟೋಸಿನ್ ಮೊದಲ ಮದ್ದು. ಇದರಿಂದಾಗಿ ಗರ್ಭಪಾತದಲ್ಲೂ ಅಷ್ಟೇ ಕೆಲಸ ಮಾಡುತ್ತದೆ ಎಂಬ ನಂಬಿಕೆ. ಪೂರ್ತಿ ಹಾಗಲ್ಲ. ಆಕ್ಸಿಟೋಸಿನ್ ಹಿಡಿದುಕೊಳ್ಳುವ ಜಾಗಗಳು ಗರ್ಭಕೋಶದಲ್ಲಿ ತಿಂಗಳು ತುಂಬುತ್ತಾ ಬಂದ ಹಾಗೆ ಹೆಚ್ಚುತ್ತವೆ. 14 ವಾರದ ಗರ್ಭಕೋಶ ಆಕ್ಸಿಟೋಸಿನ್‌ಗೆ ಹೆರಿಗೆಯ ಗರ್ಭಕೋಶದಷ್ಟು ಸ್ಪಂದಿಸುವುದಿಲ್ಲ.

18ರಿಂದ 24 ವಾರದ ನಡುವೆ ಲೆಕ್ಕ ಬೇರೆ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಈ ವಾರಗಳ ಡಿ ಅಂಡ್ ಇ ಶುರುವಾಗುವಾಗಲೇ 500 ಎಂಎಲ್ ಡ್ರಿಪ್‌ನಲ್ಲಿ 30 ಯೂನಿಟ್ ಆಕ್ಸಿಟೋಸಿನ್ ಹರಿಸಿದರು. ಹೋದ ರಕ್ತದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ರಕ್ತ ನಿಲ್ಲಿಸಲು ಬೇರೆ ಮದ್ದು ಅಥವಾ ಬೇರೆ ಕ್ರಮ ಬೇಕಾದವರ ಸಂಖ್ಯೆ ಕಡಿಮೆಯಾಗಲಿಲ್ಲ. ಎರಡೂ ಮಾತು ನೆನಪಿರಲಿ. ಹಿಮೋಗ್ಲೋಬಿನ್ 12 ಇರುವ ಹೆಂಗಸಿಗೆ ಅರ್ಧ ಲೋಟ ರಕ್ತ ಉಳಿದದ್ದು ದೊಡ್ಡದಲ್ಲದಿರಬಹುದು. ಹಿಮೋಗ್ಲೋಬಿನ್ 8.5 ಇದ್ದವಳಿಗೆ ಅದು ತುಂಬ ದೊಡ್ಡದು. ನಮ್ಮ ಕಡೆ ಎರಡನೇ ಗುಂಪಿನವರೂ ಸಾಕಷ್ಟು ಬರುತ್ತಾರೆ, ಅದಕ್ಕೇ 18 ವಾರ ದಾಟಿದ ಡಿ ಅಂಡ್ ಇಗೆ ಆಕ್ಸಿಟೋಸಿನ್ ಡ್ರಿಪ್ ಸೇರಿಸುವುದು ನನಗೆ ಸರಿ ಅನಿಸುತ್ತದೆ.

ಮಾತ್ರೆಯಿಂದ ಮಾಡುವ ಗರ್ಭಪಾತದಲ್ಲಿ ಆಕ್ಸಿಟೋಸಿನ್‌ಗೆ ಇನ್ನೊಂದು ಜಾಗ ಇದೆ, ಮತ್ತು ನಮ್ಮ ಜಿಲ್ಲೆಯಲ್ಲಿ ಇದೇ ಜಾಸ್ತಿ ಉಪಯೋಗಕ್ಕೆ ಬರುವುದು. ಡಿ ಅಂಡ್ ಇಗೆ ಪಳಗಿದ ಕೈ ಬೇಕು. ಅದಿಲ್ಲದ ಕಡೆ ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ಕೊಟ್ಟು, ಒಂದೆರಡು ದಿನ ಬಿಟ್ಟು, ಮಿಸೊಪ್ರೊಸ್ಟಾಲ್ 400 ಮೈಕ್ರೋಗ್ರಾಂ ಮೂರು ಗಂಟೆಗೊಮ್ಮೆ ಕೊಡುತ್ತಾರೆ. ಹಿಂದೆ ಗರ್ಭಕೋಶದೊಳಗೆ ಹಳದಿ ಬಣ್ಣದ ಎಥಾಕ್ರಿಡಿನ್ ದ್ರಾವಣ ತುಂಬಿಸಿ ಕಾಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು. ಇಲ್ಲಿ ರಕ್ತಸ್ರಾವಕ್ಕೆ ದೊಡ್ಡ ಕಾರಣ ಮಾಸು ಹೊರಗೆ ಬರದೆ ನಿಲ್ಲುವುದು. 2009ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಮೂರು ದಾರಿಗಳನ್ನು ಹೋಲಿಸಿ ನೋಡಿತು: ಭ್ರೂಣ ಹೊರಬಂದ ಕೂಡಲೇ ಸ್ನಾಯುವಿಗೆ 10 ಯೂನಿಟ್ ಆಕ್ಸಿಟೋಸಿನ್, ಇಲ್ಲವೇ ಬಾಯಿಗೆ ಮಿಸೊಪ್ರೊಸ್ಟಾಲ್, ಇಲ್ಲವೇ ಏನೂ ಇಲ್ಲ. ಏನೂ ಕೊಡದವರಲ್ಲಿ ಮತ್ತು ಮಾತ್ರೆ ಕೊಟ್ಟವರಲ್ಲಿ ಸುಮಾರು ಹತ್ತರಲ್ಲಿ ಮೂವರಿಗೆ ಮಾಸು ಉಳಿಯಿತು. ಆಕ್ಸಿಟೋಸಿನ್ ಕೊಟ್ಟವರಲ್ಲಿ ಹತ್ತರಲ್ಲಿ ಒಬ್ಬರಿಗೆ. ರಕ್ತವೂ ಕಡಿಮೆ ಹೋಯಿತು. ಒಂದು ಅಗ್ಗದ ಆಂಪೂಲ್‌ಗೆ ಇಷ್ಟು ಫಲ ಸಿಗುವುದಾದರೆ ಬಿಡುವುದು ಯಾಕೆ?

ಆಕ್ಸಿಟೋಸಿನ್‌ಗೆ ಎರಡು ಎಚ್ಚರಿಕೆ. ಒಮ್ಮೆಲೇ ರಕ್ತನಾಳಕ್ಕೆ ತಳ್ಳಬಾರದು, ಬಿಪಿ ಕುಸಿಯುತ್ತದೆ. ಗಂಟೆಗಟ್ಟಲೆ ಬಾಟಲಿ ಮೇಲೆ ಬಾಟಲಿ ಗ್ಲೂಕೋಸ್‌ನಲ್ಲಿ ಹರಿಸಬಾರದು, ದೇಹದಲ್ಲಿ ನೀರು ನಿಂತು ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕೊಡಿ.

ಮೆಥರ್ಜಿನ್ ಮತ್ತು ಕಾರ್ಬೊಪ್ರೋಸ್ಟ್: ಟ್ರೇನಲ್ಲಿ ಇರಲಿ, ಅಭ್ಯಾಸಕ್ಕೆ ಬೇಡ

ಮೆಥರ್ಜಿನ್ 0.2 ಮಿಲಿಗ್ರಾಂ ಸ್ನಾಯುವಿಗೆ ಕೊಟ್ಟರೆ ಕೆಲವೇ ನಿಮಿಷದಲ್ಲಿ ಗರ್ಭಕೋಶ ಗಟ್ಟಿಯಾಗಿ ಮುದುಡುತ್ತದೆ. ಮೆತ್ತಗಿನ ಗರ್ಭಕೋಶದಿಂದ ರಕ್ತ ಹೋಗುತ್ತಿರುವಾಗ ಇದರಷ್ಟು ಭರವಸೆಯ ಮದ್ದುಗಳು ಕಡಿಮೆ. ಆದರೆ ರಕ್ತ ಹೋಗುವ ಮೊದಲೇ, ಸುಮ್ಮನೆ ಮುಂಜಾಗ್ರತೆಗೆ ಎಲ್ಲರಿಗೂ ಕೊಟ್ಟರೆ ಲಾಭ ಇದೆಯಾ ಎಂದು ಡಿ ಅಂಡ್ ಇ ಆದವರಲ್ಲಿ ನೋಡಿದ ಅಧ್ಯಯನ 2021ರಲ್ಲಿ ಬಂತು. ಲಾಭ ಕಾಣಲಿಲ್ಲ. ಅಂದ ಮೇಲೆ ಬಿಪಿ ಏರುವ, ವಾಂತಿಯಾಗುವ, ಹೊಟ್ಟೆ ಹಿಂಡುವ ಮದ್ದನ್ನು ಬೇಡದವರಿಗೆ ಕೊಡುವುದು ಯಾವ ನ್ಯಾಯ? ಬಿಪಿ ಇರುವವರಿಗೆ, ಹೃದಯದ ಕಾಯಿಲೆ ಇರುವವರಿಗೆ ಇದು ಕೂಡದು. 22 ವಾರದಲ್ಲಿ ಬಿಪಿ ಏರಿದ ಕಾರಣಕ್ಕೇ ಗರ್ಭ ತೆಗೆಯಬೇಕಾದ ಹೆಂಗಸಿಗೆ ಬಾಯಿಪಾಠದ ಮೆಥರ್ಜಿನ್ ಕೊಟ್ಟರೆ ಏನಾಗಬಹುದು ಯೋಚಿಸಿ. ಮೆದುಳಿನಲ್ಲಿ ರಕ್ತಸ್ರಾವ ಆಗುವ ಮಟ್ಟಕ್ಕೆ ಬಿಪಿ ಏರಬಹುದು.

ಕಾರ್ಬೊಪ್ರೋಸ್ಟ್, ನಮ್ಮಲ್ಲಿ ಪ್ರೋಸ್ಟೋಡಿನ್ ಎಂದೇ ಹೆಚ್ಚು ಪರಿಚಿತ. 250 ಮೈಕ್ರೋಗ್ರಾಂ, ಸ್ನಾಯುವಿಗೆ ಮಾತ್ರ. ಬೇಕಾದರೆ 15 ನಿಮಿಷ ಬಿಟ್ಟು ಮತ್ತೊಂದು, ಒಟ್ಟು 8 ಡೋಸ್ ಮೀರುವಂತಿಲ್ಲ. ಬಿಪಿ ಇರುವ ಹೆಂಗಸಿಗೆ ಮೆಥರ್ಜಿನ್ ಬದಲಿಗೆ ಇದನ್ನು ಯೋಚಿಸಬಹುದು. ಆದರೆ ಉಬ್ಬಸ ಇರುವವರಿಗೆ ಇದು ಉಸಿರೇ ಕಟ್ಟಿಸಬಹುದು. ಭೇದಿ, ವಾಂತಿ, ಜ್ವರ ಸಾಮಾನ್ಯ, ಮೊದಲೇ ಹೇಳಿದರೆ ಅವರು ಹೆದರುವುದಿಲ್ಲ.

ಉಬ್ಬಸದ ಬಗ್ಗೆ ಕೇಳುವ ರೀತಿ ಹೇಳಲೇಬೇಕು. ಕೇಸ್ ಶೀಟ್‌ನಲ್ಲಿ "ಆಸ್ತಮಾ ಇಲ್ಲ" ಎಂದು ಬರೆದಿರುತ್ತದೆ. ಹೆಂಗಸಿನ ಹತ್ತಿರ ಕೂತು, "ಅಕ್ಕಾ, ಮಳೆಗಾಲದಲ್ಲಿ ದಮ್ಮು ಬರ್ತದಾ? ರಾತ್ರಿ ಎದ್ದು ಕೂತ್ಕೊಳ್ಳುವ ಹಾಗೆ ಆಗ್ತದಾ? ಎಳೆಯುವ ಪಂಪ್ ಏನಾದ್ರೂ ಉಂಟಾ?" ಎಂದು ಕೇಳಿ. "ಅದು ಅಡಿಕೆ ಸುಲಿಯುವಾಗ ಧೂಳಿಗೆ ಮಾತ್ರ" ಎಂದು ಬ್ಯಾಗಿನ ಸೈಡ್ ಜಿಪ್ಪಿನಿಂದ ನೀಲಿ ಇನ್ಹೇಲರ್ ತೆಗೆದು ತೋರಿಸುವವರಿದ್ದಾರೆ. ಅವರ ಪಾಲಿಗೆ ಅದು ಕಾಯಿಲೆಯಲ್ಲ, ಮಳೆಗಾಲದ ತೊಂದರೆ. ನಮ್ಮ ಪಾಲಿಗೆ ಅದು ಕಾರ್ಬೊಪ್ರೋಸ್ಟ್ ಕೊಡಬಾರದು ಎಂಬ ಸೂಚನೆ. ತುಳು, ಬ್ಯಾರಿ, ಮರಾಠಿ ಮಾತಾಡುವವರಿಗೂ ಇದೇ ಪ್ರಶ್ನೆಯನ್ನು ಅವರ ಮನೆಮಾತಿನಲ್ಲಿ ಕೇಳಬಲ್ಲ ಒಬ್ಬರು ಪ್ರತಿ ಶಿಫ್ಟ್‌ನಲ್ಲೂ ಇದ್ದರೆ ಒಳ್ಳೆಯದು. ಉತ್ತರ ಸಿಕ್ಕಿದ ಮೇಲೆ ಕೇಸ್ ಶೀಟ್‌ನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯಿರಿ. ರಕ್ತ ಹೋಗುತ್ತಿರುವಾಗ ಒಳಗಿನ ಪುಟ ತಿರುಗಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಮಿಸೊಪ್ರೊಸ್ಟಾಲ್: ಫ್ರಿಜ್ ಬೇಡ, ಒಣ ಜಾಗ ಬೇಕು

ಆಕ್ಸಿಟೋಸಿನ್, ಮೆಥರ್ಜಿನ್, ಕಾರ್ಬೊಪ್ರೋಸ್ಟ್ ಮೂರಕ್ಕೂ 2ರಿಂದ 8 ಡಿಗ್ರಿ ತಂಪು ಬೇಕು. ಮೆಥರ್ಜಿನ್‌ಗೆ ಬೆಳಕೂ ಆಗದು. ಜೂನ್-ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಬದಿಯಡ್ಕದ ಒಳಗಿನ ಊರುಗಳಲ್ಲಿ ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಜನರೇಟರ್ ಲೈನಿಗೆ ಲೇಬರ್ ರೂಮಿನ ಫ್ರಿಜ್ ಸೇರಿದೆಯಾ ಎಂದು ಒಮ್ಮೆ ನೋಡಿ. ಕೆಲವು ಕಡೆ ಲೈಟು, ಫ್ಯಾನು ಸೇರಿರುತ್ತದೆ, ಫ್ರಿಜ್ ಸೇರಿರುವುದಿಲ್ಲ. ತಂಪು ತಪ್ಪಿದ ಆಕ್ಸಿಟೋಸಿನ್ ನೋಡಲು ಹಾಗೇ ಇರುತ್ತದೆ, ಕೆಲಸ ಮಾತ್ರ ಕಡಿಮೆ.

ಮಿಸೊಪ್ರೊಸ್ಟಾಲ್‌ಗೆ ಈ ತೊಂದರೆ ಇಲ್ಲ. ಅದರ ಶತ್ರು ತೇವ. ಅಲ್ಯುಮಿನಿಯಂ ಪಟ್ಟಿಯಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಟ್ಟರೆ ಕರಾವಳಿಯ ಹವೆಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಪಟ್ಟಿಯಲ್ಲೇ ಇರಲಿ, ಬೇಕಾದಾಗ ಬಿಡಿಸಿ.

ರಕ್ತ ಹೋಗುತ್ತಿರುವಾಗ 800 ಮೈಕ್ರೋಗ್ರಾಂ ನಾಲಿಗೆಯ ಅಡಿಯಲ್ಲಿ ಇಡಬಹುದು. ಬಿಪಿ ಇದ್ದರೂ ಕೊಡಬಹುದು, ಉಬ್ಬಸ ಇದ್ದರೂ ಕೊಡಬಹುದು. ಇದೇ ಅದರ ದೊಡ್ಡ ಬಲ. ದೌರ್ಬಲ್ಯ ಎಂದರೆ ಇಂಜೆಕ್ಷನ್‌ಗಳಷ್ಟು ಬೇಗ ಹಿಡಿಯುವುದಿಲ್ಲ. ಚಳಿ, ನಡುಕ, ಜ್ವರ ಬರುತ್ತವೆ. ಡಿ ಅಂಡ್ ಇಗೆ ಮುಂಚೆ ಬಾಯಿ ಮೆತ್ತಗಾಗಿಸಲು ಇದನ್ನು ಕೊಟ್ಟಿದ್ದರೆ ಗರ್ಭಕೋಶವೂ ಸ್ವಲ್ಪ ಮುದುಡಿರುತ್ತದೆ. ಹಾಗೆಂದು ಅದನ್ನೇ ರಕ್ತಸ್ರಾವದ ತಡೆ ಎಂದು ನಂಬಿ ಕೂರಬೇಡಿ.

ಟ್ರಾನೆಕ್ಸಾಮಿಕ್ ಆಸಿಡ್

ಇದು ಗರ್ಭಕೋಶವನ್ನು ಮುದುಡಿಸುವುದಿಲ್ಲ. ಕಟ್ಟಿದ ಹೆಪ್ಪು ಕರಗದಂತೆ ಹಿಡಿದಿಡುತ್ತದೆ. 2017ರ ವುಮನ್ ಟ್ರಯಲ್‌ನಲ್ಲಿ 21 ದೇಶಗಳ ಸುಮಾರು 20 ಸಾವಿರ ಬಾಣಂತಿಯರು ಇದ್ದರು. ರಕ್ತ ಹೋಗಲು ಶುರುವಾದ 3 ಗಂಟೆಯೊಳಗೆ 1 ಗ್ರಾಂ ಕೊಟ್ಟರೆ ರಕ್ತಸ್ರಾವದಿಂದ ಸಾಯುವವರು ಕಡಿಮೆಯಾಗುತ್ತಾರೆ ಎಂದು ಅದು ತೋರಿಸಿತು. ಅದು ಹೆರಿಗೆಯ ಲೆಕ್ಕ, ಆದರೆ ರಕ್ತ ನಿಲ್ಲದೆ ಹೋಗುತ್ತಿರುವಾಗ ಗರ್ಭಪಾತದಲ್ಲೂ ಕೊಡುವುದಕ್ಕೆ ನಾನು ಹಿಂಜರಿಯುವುದಿಲ್ಲ. 10 ನಿಮಿಷದಲ್ಲಿ ನಿಧಾನವಾಗಿ, ರಕ್ತನಾಳಕ್ಕೆ. ಮುಂಜಾಗ್ರತೆಗೆ ಎಲ್ಲರಿಗೂ ಕೊಡುವುದು ಬೇರೆ ಮಾತು, ಅದಕ್ಕೆ ನಾನು ಒಪ್ಪುವುದಿಲ್ಲ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ ಚರಿತ್ರೆ ಇದ್ದವರಿಗೆ ಬೇಡ. ಇದರ ಆಂಪೂಲ್ ಬೆನ್ನಿಗೆ ಕೊಡುವ ಅರಿವಳಿಕೆ ಮದ್ದಿನ ಆಂಪೂಲ್‌ನಂತೆಯೇ ಕಾಣುತ್ತದೆ. ಅದಲುಬದಲಾಗಿ ಬೆನ್ನಿಗೆ ಹೋಗಿ ಜೀವ ಹೋದ ಘಟನೆಗಳು ಬೇರೆ ಬೇರೆ ದೇಶಗಳಲ್ಲಿ ನಡೆದಿವೆ. ಅರಿವಳಿಕೆ ಟ್ರೇ ಹತ್ತಿರ ಇದನ್ನು ಇಡಲೇಬೇಡಿ.

ಹಾಗಾದರೆ ಯಾರಿಗೆ ಯಾವುದು?

15 ವಾರ, ಮೊದಲ ಗರ್ಭ, ಹಿಮೋಗ್ಲೋಬಿನ್ 11, ಬೇರೆ ತೊಂದರೆ ಇಲ್ಲ, ಡಿ ಅಂಡ್ ಇ: ಬಾಯಿ ಚೆನ್ನಾಗಿ ಸಿದ್ಧ ಮಾಡಿ, ಲಿಗ್ನೋಕೇನ್ ಇಂಜೆಕ್ಷನ್‌ಗೆ ವಾಸೊಪ್ರೆಸಿನ್ ಬೆರೆಸಿ, ಅಷ್ಟು ಸಾಕು. ಉಳಿದದ್ದು ಟ್ರೇನಲ್ಲಿ ಕೈಗೆಟಕುವಂತಿರಲಿ.

21 ವಾರ, ಹಿಮೋಗ್ಲೋಬಿನ್ 9, ಡಿ ಅಂಡ್ ಇ: ವಾಸೊಪ್ರೆಸಿನ್ ಜೊತೆಗೆ ಆಕ್ಸಿಟೋಸಿನ್ ಡ್ರಿಪ್. ರಕ್ತ ಹೊಂದಿಸಿ ಇಟ್ಟುಕೊಂಡೇ ಶುರುಮಾಡಿ. ಒಂದೆರಡು ವಾರ ಸಮಯ ಇದ್ದರೆ ಕಬ್ಬಿಣದ ಇಂಜೆಕ್ಷನ್ ಕೊಡುವ ಆಸೆ ಆಗುತ್ತದೆ, ಆದರೆ ವಾರ ಮುಂದಕ್ಕೆ ಹೋದ ಹಾಗೆ ಅಪಾಯವೂ ಕಾನೂನಿನ ಮಿತಿಯೂ ಹತ್ತಿರ ಬರುತ್ತವೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮೊದಲು ರಕ್ತ ಕೊಡಿ.

ಅದೇ 21 ವಾರ, ಬಿಪಿ 160/100: ವಾಸೊಪ್ರೆಸಿನ್ ಬೇಡ, ಮೆಥರ್ಜಿನ್ ಬೇಡ. ಆಕ್ಸಿಟೋಸಿನ್ ಡ್ರಿಪ್, ಅದಕ್ಕೂ ನಿಲ್ಲದಿದ್ದರೆ ಮಿಸೊಪ್ರೊಸ್ಟಾಲ್ ಮತ್ತು ಕಾರ್ಬೊಪ್ರೋಸ್ಟ್. ಉಬ್ಬಸವೂ ಇದ್ದರೆ ಕಾರ್ಬೊಪ್ರೋಸ್ಟ್ ಕೂಡ ಹೋಯಿತು. ಆಗ ಉಳಿಯುವುದು ಆಕ್ಸಿಟೋಸಿನ್, ಮಿಸೊಪ್ರೊಸ್ಟಾಲ್, ಟ್ರಾನೆಕ್ಸಾ ಮತ್ತು ನಮ್ಮ ಎರಡು ಕೈ. ಇಂಥವರನ್ನು ಸಣ್ಣ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದು ಧೈರ್ಯವಲ್ಲ.

ಮಾತ್ರೆಯಿಂದ ಆಗುವ ಗರ್ಭಪಾತ, ಯಾವ ವಾರವೇ ಇರಲಿ: ಭ್ರೂಣ ಹೊರಬಂದ ಕೂಡಲೇ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ. ರಕ್ತ ಹತೋಟಿಯಲ್ಲಿದ್ದರೆ ಮಾಸಿಗೆ ಕಾಯಿರಿ, ಬಳ್ಳಿ ಹಿಡಿದು ಎಳೆಯಬೇಡಿ. ರಕ್ತ ಜಾಸ್ತಿಯಾದರೆ ಕಾಯುವ ಮಾತಿಲ್ಲ, ತೆಗೆಯಬೇಕು.

ಹಳೆಯ ಸಿಸೇರಿಯನ್ ಇದ್ದು, ಸ್ಕ್ಯಾನ್‌ನಲ್ಲಿ ಮಾಸು ಕೆಳಗೆ ಮುಂಭಾಗದಲ್ಲಿ ಕಂಡರೆ ಬೇರೆಯೇ ಕಥೆ. ಮಾಸು ಗಾಯಕ್ಕೆ ಬೇರಿಳಿಸಿರಬಹುದು. ಈ ಹೆಂಗಸಿಗೆ ಯಾವ ಮದ್ದು ಎನ್ನುವ ಚರ್ಚೆಯೇ ಬೇಡ, ಎಲ್ಲಿ ಎನ್ನುವ ಚರ್ಚೆ ಬೇಕು. ರಕ್ತನಿಧಿ, ಐಸಿಯು, ಗರ್ಭಕೋಶ ತೆಗೆಯಬಲ್ಲ ತಂಡ, ಸಾಧ್ಯವಾದರೆ ರಕ್ತನಾಳ ಮುಚ್ಚಬಲ್ಲ ರೇಡಿಯಾಲಜಿ ಇರುವ ಕಡೆಗೆ ಹಗಲಿನಲ್ಲೇ, ರಕ್ತ ಹೋಗುವ ಮೊದಲೇ ಕಳುಹಿಸಿ.

ತಡೆದೂ ರಕ್ತ ಹೋದರೆ

ಗರ್ಭಕೋಶ ಗಟ್ಟಿಯಿದೆಯಾ ಎಂದು ಎರಡು ಕೈಯಿಂದ ಒತ್ತಿ ನೋಡಿ. ಬಾಯಿ ಹರಿದಿದೆಯಾ ನೋಡಿ. ಸ್ಕ್ಯಾನ್ ಇಟ್ಟು ಒಳಗೆ ಏನಾದರೂ ಉಳಿದಿದೆಯಾ ನೋಡಿ. ಈ ಮೂರೂ ಒಂದೆರಡು ನಿಮಿಷದ ಕೆಲಸ. ಅಷ್ಟರಲ್ಲಿ ಇನ್ನೊಬ್ಬರು ಎರಡನೇ ದಪ್ಪ ಕ್ಯಾನುಲಾ ಹಾಕಿ ಪರೀಕ್ಷೆಗೆ ರಕ್ತ ಕಳುಹಿಸಿರಬೇಕು. ಬಿಪಿ ಸರಿಯಿದೆ ಎಂದು ಸಮಾಧಾನ ಪಡಬೇಡಿ. ಆರೋಗ್ಯವಂತ ಹೆಂಗಸಿನ ಬಿಪಿ ಕೊನೆಯವರೆಗೂ ನಿಲ್ಲುತ್ತದೆ, ಮೊದಲು ಏರುವುದು ನಾಡಿ. ನಾಡಿಯ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಯನ್ನು ಮುಟ್ಟುತ್ತಿದೆ ಎಂದರೆ ಹೊತ್ತು ಮೀರುತ್ತಿದೆ.

ಮದ್ದಿಗೆ ನಿಲ್ಲದಿದ್ದರೆ ಗರ್ಭಕೋಶದೊಳಗೆ ಫೋಲಿ ಕ್ಯಾಥೆಟರ್ ಅಥವಾ ಕಾಂಡೋಮ್ ಬಲೂನ್ ಉಬ್ಬಿಸಿ ಒತ್ತಡ ಕೊಡಬಹುದು. ಕೇರಳದಲ್ಲಿ ತೃಶ್ಶೂರಿನ ಡಾ. ವಿ.ಪಿ. ಪೈಲಿ ಅವರು ರೂಪಿಸಿದ, ಯೋನಿಯ ದಾರಿಯಿಂದಲೇ ಗರ್ಭಕೋಶದ ರಕ್ತನಾಳವನ್ನು ಹಿಡಿಯುವ ಕ್ಲಾಂಪ್ ಹೆರಿಗೆಯ ರಕ್ತಸ್ರಾವಕ್ಕೆ ಬಳಕೆಯಲ್ಲಿದೆ. 2004ರಿಂದ ಇಲ್ಲಿನ ಸ್ತ್ರೀರೋಗ ತಜ್ಞರ ಸಂಘ ತಾಯಂದಿರ ಸಾವುಗಳನ್ನು ಹೆಸರು ಗುಟ್ಟಾಗಿಟ್ಟು ಒಂದೊಂದಾಗಿ ಪರಿಶೀಲಿಸುತ್ತಾ ಬಂದಿದೆ. ಯಾರನ್ನೂ ದೂರದೆ, ಎಲ್ಲಿ ತಡವಾಯಿತು ಎಂದು ಹುಡುಕುವ ಆ ಪದ್ಧತಿಯಿಂದ ನಮ್ಮ ಸಣ್ಣ ಆಸ್ಪತ್ರೆಗಳೂ ಕಲಿಯುವುದು ಬಹಳ ಇದೆ.

ತಡ ಎಂದಾಗ ನಮ್ಮ ಜಿಲ್ಲೆಯ ರಸ್ತೆಯನ್ನು ನೆನೆಯಲೇಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಮಂಜೇಶ್ವರ, ಉಪ್ಪಳದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮೊದಲಿನಿಂದಲೂ ಮಂಗಳೂರೇ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿಗೆ, ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಚಿಕಿತ್ಸೆ ಸಿಗದೆ ನಮ್ಮ ಜನ ಸತ್ತರು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. "ಏನಾದರೂ ಆದರೆ ಮಂಗಳೂರಿಗೆ ಕಳಿಸೋಣ" ಎನ್ನುವುದು ಯೋಜನೆಯಲ್ಲ ಎಂದು ಆ ದಿನಗಳು ಕಲಿಸಿದವು. ಗಡಿ ಈಗ ತೆರೆದಿದೆ, ಆದರೆ ರಸ್ತೆಯ ಬ್ಲಾಕ್, ಮಳೆ, ರಾತ್ರಿ ಆಂಬುಲೆನ್ಸ್ ಸಿಗದಿರುವುದು ಇದ್ದೇ ಇದೆ. ಕಳಿಸುವುದಾದರೆ ಆಕ್ಸಿಟೋಸಿನ್ ಡ್ರಿಪ್ ಓಡುತ್ತಿರಲಿ, ಟ್ರಾನೆಕ್ಸಾ ಕೊಟ್ಟಾಗಿರಲಿ, ಬಲೂನ್ ಒಳಗಿರಲಿ, ನರ್ಸ್ ಜೊತೆಯಲ್ಲಿರಲಿ. ಯಾವ ಮದ್ದು ಎಷ್ಟು ಗಂಟೆಗೆ ಕೊಟ್ಟದ್ದು ಎಂಬ ಚೀಟಿ ಇಂಗ್ಲಿಷಿನಲ್ಲಿ ಬರೆದು ಹೆಂಗಸಿನ ಜೊತೆಗೇ ಇರಲಿ. ಮಲಯಾಳದ ಚೀಟಿಯನ್ನು ಮಂಗಳೂರಿನಲ್ಲಿ ಎಲ್ಲರಿಗೂ ಓದಲು ಬರುವುದಿಲ್ಲ.

ಮನೆಯವರಿಗೆ

ಗರ್ಭಪಾತದ ಕಾನೂನು 2021ರಲ್ಲಿ ಬದಲಾಗಿದೆ. 20 ವಾರದವರೆಗೆ ಒಬ್ಬ ಡಾಕ್ಟರ್ ಒಪ್ಪಿದರೆ ಸಾಕು. 20ರಿಂದ 24 ವಾರದವರೆಗೆ ನಿಯಮದಲ್ಲಿ ಹೇಳಿದ ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರ್ ಒಪ್ಪಬೇಕು. ಮಗುವಿಗೆ ಗಂಭೀರ ತೊಂದರೆ ಇದ್ದರೆ 24 ವಾರದ ಮೇಲೂ ಮೆಡಿಕಲ್ ಬೋರ್ಡ್ ಅನುಮತಿ ಕೊಡಬಹುದು. ಮದುವೆಯಾಗದವರಿಗೂ ಈ ಹಕ್ಕು ಇದೆ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. 18 ವರ್ಷ ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ. ಅವಳ ಹೆಸರನ್ನು ಬಹಿರಂಗ ಮಾಡುವಂತಿಲ್ಲ. ಒಪ್ಪಿಗೆ ಪತ್ರ ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ, ಸಂಕೋಚ ಬೇಡ.

ಹೋಗುವಾಗ ಡಾಕ್ಟರ್‌ಗೆ ತಾವಾಗಿಯೇ ಹೇಳಬೇಕಾದ್ದು: ಬಿಪಿ, ಹೃದಯದ ತೊಂದರೆ, ದಮ್ಮು, ಹಿಂದಿನ ಸಿಸೇರಿಯನ್, ಹಿಂದಿನ ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋದದ್ದು, ರಕ್ತ ತೆಳುವಾಗಿಸುವ ಮಾತ್ರೆ. ಹಳೆಯ ಸ್ಕ್ಯಾನ್ ಮತ್ತು ಆಪರೇಷನ್ ಚೀಟಿಗಳನ್ನು ಒಂದೇ ಕವರಿನಲ್ಲಿ ತನ್ನಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ನೀವೇ ನೆನಪಿಸಿ.

ಮನೆಗೆ ಬಂದ ಮೇಲೆ ಒಂದೆರಡು ವಾರ ಮುಟ್ಟಿನ ಹಾಗೆ ರಕ್ತ ಹೋಗುವುದು ಸಹಜ. ಒಂದು ಗಂಟೆಯಲ್ಲಿ ಎರಡು ದಪ್ಪ ಪ್ಯಾಡ್ ಪೂರ್ತಿ ಒದ್ದೆಯಾಗಿ, ಮುಂದಿನ ಗಂಟೆಯೂ ಹಾಗೇ ಆದರೆ ಕೂಡಲೇ ಹೊರಡಿ. ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ, ತಲೆ ತಿರುಗಿ ಕಣ್ಣು ಕತ್ತಲೆ ಬರುವುದು, ಜ್ವರ, ವಾಸನೆಯ ಸ್ರಾವ, ಕಡಿಮೆಯಾಗದ ಹೊಟ್ಟೆನೋವು, ಇವಕ್ಕೂ ಅಷ್ಟೇ. ಬೆಳಗಾಗಲಿ ಎಂದು ಕಾಯಬೇಡಿ. ನೆರೆಮನೆಯವರಿಗೆ ಗೊತ್ತಾಗುತ್ತದೆ ಎಂದು ರಾತ್ರಿ ಜೀಪು ಕರೆಯದೆ ಉಳಿದವರಿದ್ದಾರೆ. 108ಕ್ಕೆ ಫೋನ್ ಮಾಡಿ "ಹೆಂಗಸಿಗೆ ಜಾಸ್ತಿ ರಕ್ತ ಹೋಗ್ತಾ ಉಂಟು" ಎಂದರೆ ಸಾಕು, ಯಾಕೆ ಎಂದು ಊರಿಗೆಲ್ಲ ಹೇಳಬೇಕಾಗಿಲ್ಲ. ಡಾಕ್ಟರ್ ಹತ್ತಿರ ಮಾತ್ರ ಏನನ್ನೂ ಮುಚ್ಚಿಡಬೇಡಿ. ಯಾವ ದಿನ ಆದದ್ದು, ಎಷ್ಟು ವಾರ, ಯಾವ ಮಾತ್ರೆ ತಿಂದದ್ದು, ಇಷ್ಟು ಗೊತ್ತಾದರೆ ಸರಿಯಾದ ಮದ್ದು ಬೇಗ ಕೈಗೆ ಬರುತ್ತದೆ.